ಬಣ್ಣ ಕಂಡ ದಿನವೇ ಹೆಸರಿಡಬೇಡಿ

ಮೊಟ್ಟೆಯೊಡೆದು ಬಂದ ಹತ್ತು ಉಡದ ಮರಿಗಳಲ್ಲಿ ಒಂದರ ಬಣ್ಣ ಬೇರೆ. ಚುಕ್ಕೆಗಳು ಮಸುಕು, ಬೆನ್ನು ತಿಳಿ ಹಳದಿ. ಸಾಕಿದವರು ಅದನ್ನು ಡಬ್ಬಿಯಲ್ಲಿಟ್ಟುಕೊಂಡು ಓಡೋಡಿ ಬರುತ್ತಾರೆ. ‘ಡಾಕ್ಟ್ರೇ, ಇದು ಹೊಸ ಮಾರ್ಫ್ ಅಲ್ವಾ?’ ಮಾರ್ಫ್ ಅಂದರೆ ಜೀನಿನಿಂದ ಬರುವ ಬೇರೆ ಬಣ್ಣದ ಬಗೆ. ಸರೀಸೃಪಗಳ ವೈದ್ಯನಾದ ನನಗೆ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಅವರ ಖುಷಿ ನೋಡಿ ನನಗೂ ಖುಷಿಯಾಗುತ್ತದೆ. ಆದರೂ ನಾನು ಹೇಳುವುದು ಒಂದೇ: ಒಂದು ವರ್ಷ ತಡೆಯಿರಿ.

ನಾನು ಮಾತಾಡುತ್ತಿರುವುದು ಆಕಿ ಎಂದು ಕರೆಯುವ ಮುಳ್ಳುಬಾಲದ ಪುಟ್ಟ ಉಡದ ಬಗ್ಗೆ. ಬಾಲವೂ ಸೇರಿ ಸುಮಾರು ಎರಡು ಅಡಿ. ಆಸ್ಟ್ರೇಲಿಯಾದ ಉತ್ತರ ಮತ್ತು ಪಶ್ಚಿಮದ ಕಲ್ಲುಬಂಡೆಯ ಒಣನೆಲ ಇದರ ತವರು. ಸಾಕುವವರ ಬಳಿ ಕೆಂಪು ಆಕಿ, ಹಳದಿ ಆಕಿ ಎಂಬ ಎರಡು ಬಗೆ ಮೊದಲಿನಿಂದಲೂ ಇವೆ. ಇವೆರಡನ್ನು ಕೂಡಿಸಿದರೆ ನಡುವಿನ ಬಣ್ಣದ ಮರಿ ಹುಟ್ಟುತ್ತದೆ. ಅದಕ್ಕೊಂದು ಹೊಸ ಹೆಸರಿಟ್ಟು ಮಾರುವುದು ನನಗೆ ಸರಿ ಕಾಣುವುದಿಲ್ಲ.

ಕಾಯಲು ಹೇಳುವುದು ಯಾಕೆ? ಈ ಮರಿಗಳ ಬಣ್ಣ ಬೆಳೆಯುತ್ತಾ ಬದಲಾಗುತ್ತದೆ. ಮೈ ತಣ್ಣಗಿದ್ದರೆ ಕಪ್ಪಾಗುತ್ತವೆ, ಪೊರೆ ಬಿಡುವ ಮುಂಚೆ ಮಂಕಾಗುತ್ತವೆ. ಒಂದು ಮರಿಯನ್ನು ನಾನೇ ಹುಟ್ಟಿದ ವಾರದಿಂದ ನೋಡಿದ್ದೆ. ಬೆಣ್ಣೆಯಂಥ ಬಣ್ಣ. ಎಂಟನೇ ತಿಂಗಳಿಗೆ ಅದು ತನ್ನ ಒಡಹುಟ್ಟಿದವುಗಳ ಹಾಗೇ ಇತ್ತು.

ವರ್ಷವಾದರೂ ಬಣ್ಣ ಉಳಿದರೆ ಆಗ ಜೀನ್ ಪ್ರಶ್ನೆ. ಕಪ್ಪು ಬಣ್ಣವಾದ ಮೆಲನಿನ್ ಇಲ್ಲದ ಆಲ್ಬಿನೊ ಗುಣವನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ಇದು ಅಡಗಿರುವ ಗುಣ. ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಹೊರಗೆ ಕಾಣುತ್ತದೆ. ಆಲ್ಬಿನೊವನ್ನು ನೆಂಟಸ್ತಿಕೆಯಿಲ್ಲದ ಸಾಮಾನ್ಯ ಆಕಿಯ ಜೊತೆ ಕೂಡಿಸಿದರೆ ಮರಿಗಳೆಲ್ಲ ಸಾಮಾನ್ಯ ಬಣ್ಣದವೇ. ಆದರೆ ಪ್ರತಿಯೊಂದೂ ಆ ಜೀನನ್ನು ಹೊತ್ತಿರುತ್ತದೆ. ಸಾಕುವವರು ಇವನ್ನು ಹೆಟ್ ಎನ್ನುತ್ತಾರೆ. ಎರಡು ಹೆಟ್ ಕೂಡಿದರೆ ಸರಾಸರಿ ನಾಲ್ಕರಲ್ಲಿ ಒಂದು ಆಲ್ಬಿನೊ. ಸರಾಸರಿ ಅನ್ನುವುದನ್ನು ಮರೆಯಬೇಡಿ. ಎಂಟು ಮರಿ ಹುಟ್ಟಿಯೂ ಒಂದೂ ಆಲ್ಬಿನೊ ಬಾರದಿರುವ ಸಾಧ್ಯತೆ ಶೇ. 10ರಷ್ಟಿದೆ. ಒಂದು ಸಲ ಬರಲಿಲ್ಲವೆಂದು ಸುಮ್ನೆ ಕೈಬಿಡಬೇಡಿ.

ಇಷ್ಟಾಗಲು ಮೂರು ವರ್ಷ ಹೋಗಿಬಿಡುತ್ತದೆ. ಮೊಟ್ಟೆಯೊಡೆಯಲೇ ಮೂರು ನಾಲ್ಕು ತಿಂಗಳು ಬೇಕು. ಬೇಗ ಆಗಲಿ ಎಂದು ಕೆಲವರು ಆಲ್ಬಿನೊ ತಾಯಿಗೆ ಅದರ ಹೆಟ್ ಮಗನನ್ನೇ ಜೋಡಿ ಮಾಡುತ್ತಾರೆ. ನನಗೆ ತುಂಬ ಬೇಸರ ತರುವ ವಿಷಯ ಇದು. ಆಸ್ಟ್ರೇಲಿಯಾ ತನ್ನ ಕಾಡುಜೀವಿಗಳನ್ನು ವ್ಯಾಪಾರಕ್ಕೆಂದು ಜೀವಂತವಾಗಿ ಹೊರಗೆ ಬಿಡುವುದಿಲ್ಲ. ಹಾಗಾಗಿ ಬೇರೆ ದೇಶಗಳ ಆಕಿಗಳು ಹಿಂದೆ ಹೊರಬಂದ ಕೆಲವೇ ಪ್ರಾಣಿಗಳ ಸಂತತಿ. ಮೊದಲೇ ರಕ್ತ ಹತ್ತಿರದ್ದು. ತಾಯಿ-ಮಗ ಜೋಡಿಯಾದರೆ ಮರಿಯ ಕಾಲು ಪಾಲು ಜೀನ್‌ಜೋಡಿಗಳಲ್ಲಿ ಒಂದೇ ಮೂಲದ ಎರಡು ಪ್ರತಿ ಸೇರುವ ಲೆಕ್ಕ. ಬಣ್ಣದ ಜೊತೆಗೆ ಅಡಗಿದ್ದ ದೋಷಗಳೂ ಮೇಲೆ ಬರುತ್ತವೆ. ನಾನು ಹೇಳುವ ದಾರಿ ಬೇರೆ. ಆಲ್ಬಿನೊವನ್ನು ಎರಡು ಬೇರೆ ಬೇರೆ ಮನೆತನದ ಸಾಮಾನ್ಯ ಆಕಿಗಳ ಜೊತೆ ಕೂಡಿಸಿ. ಆ ಎರಡು ಕಡೆಯ ಹೆಟ್‌ಗಳನ್ನು ಆಮೇಲೆ ಜೋಡಿ ಮಾಡಿ. ಆಗ ಆ ಲೆಕ್ಕ ಅರ್ಧಕ್ಕಿಳಿಯುತ್ತದೆ.

ಬಣ್ಣದ ಜೀನ್ ಬರೀ ಬಣ್ಣದ ಕೆಲಸ ಮಾಡುತ್ತದೆ ಎಂದುಕೊಳ್ಳಬೇಡಿ. ಚಿರತೆ ಗೆಕ್ಕೊ ಹಲ್ಲಿಯಲ್ಲಿ ಲೆಮನ್ ಫ್ರಾಸ್ಟ್ ಎಂಬ ಚೆಂದದ ಮಾರ್ಫ್ ಬಂದಿತ್ತು. ಬೆಳಕನ್ನು ಪ್ರತಿಫಲಿಸುವ ಚರ್ಮದ ಕೋಶಗಳು ಜಾಸ್ತಿಯಾಗಿ ಆ ಹೊಳಪು. ಅದೇ ಕೋಶಗಳಿಂದಲೇ ಗಡ್ಡೆಗಳೂ ಎದ್ದವು. 2021ರಲ್ಲಿ ಪ್ರಕಟವಾದ ಅಧ್ಯಯನ ಎರಡಕ್ಕೂ ಒಂದೇ ಜೀನಿನ ಕಡೆ ಬೆರಳು ಮಾಡಿತು. ಅಷ್ಟರಲ್ಲಿ ಆ ಹಲ್ಲಿಗಳು ಎಷ್ಟೋ ಮನೆಗಳನ್ನು ಸೇರಿದ್ದವು.

ಆಕಿ ಬಿಸಿಲಿನ ಪ್ರಾಣಿ. ಅದು ಮೈ ಕಾಯಿಸುವ ಕಲ್ಲಿನ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್ ದಾಟಿರಬಹುದು. ಮೇಲೆ ಪ್ರಖರ ದೀಪ, ಅತಿನೇರಳೆ ಬೆಳಕು. ಆಲ್ಬಿನೊ ಕಣ್ಣಿನಲ್ಲಿ ಬೆಳಕು ತಡೆಯುವ ಕಪ್ಪು ಬಣ್ಣವೇ ಇಲ್ಲ. ಬಿಸಿ ಬೇಕು, ಬೆಳಕು ತಾಳದು. ಪಾಪ, ಅದು ಕಣ್ಣು ಮುಚ್ಚಿಕೊಂಡೇ ಕೂರುತ್ತದೆ. ಹುಳ ಹಿಡಿಯಲೂ ತಡವರಿಸುತ್ತದೆ. ಅದಕ್ಕೆ ನೆರಳಿನ ಸಂದುಗಳು ಜಾಸ್ತಿ ಬೇಕು. ಬೆಳಕಿಲ್ಲದೆ ಬಿಸಿ ಮಾತ್ರ ಕೊಡುವ ಹೀಟರ್ ಇನ್ನೂ ಒಳ್ಳೆಯದು.

ಹೆಣ್ಣಿನ ಪಾಡನ್ನೂ ನೋಡಿ. ಚೆನ್ನಾಗಿ ತಿಂದುಂಡ ಹೆಣ್ಣು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಮೊಟ್ಟೆಯಿಡುತ್ತದೆ. ಅಗೆದರೆ ಕುಸಿಯದಂಥ ಹಸಿಮಣ್ಣು ಒಂದಡಿಗಿಂತ ಆಳವಾಗಿ, ಬೆಚ್ಚಗೆ ಇರಬೇಕು. ಇಲ್ಲದಿದ್ದರೆ ಮೊಟ್ಟೆ ಒಳಗೇ ಉಳಿಯುತ್ತದೆ. ಹೊಟ್ಟೆ ಕೊಯ್ದು ತೆಗೆದಿದ್ದೇನೆ. ಕೆಲವು ಹೆಣ್ಣುಗಳು ಬದುಕಲಿಲ್ಲ.

ಇನ್ನು ಎರಡು ಹೆಟ್ ಕೂಡಿದಾಗ ಬರುವ, ನಾಲ್ಕರಲ್ಲಿ ಮೂರು ಸಾಮಾನ್ಯ ಮರಿಗಳ ಮಾತು. ನೋಡಲು ಒಂದೇ ಥರ ಇದ್ದರೂ ಮೂರರಲ್ಲಿ ಎರಡು ಪಾಲು ಮಾತ್ರ ಹೆಟ್ ಆಗಿರುವ ಸಾಧ್ಯತೆ. ಕೊಳ್ಳುವವರಿಗೆ ‘ಹೆಟ್ ಇರಬಹುದು’ ಎಂದೇ ಬರೆದು ಕೊಡಿ. ಜೊತೆಗೆ ತಂದೆ ತಾಯಿ ಯಾವುವು, ಮೊಟ್ಟೆಯೊಡೆದ ದಿನ ಯಾವುದು ಎಂದೂ ಬರೆಯಿರಿ. ಯಾರೂ ಕೊಳ್ಳದಿದ್ದರೆ ಅವು ಹತ್ತು ಹದಿನೈದು ವರ್ಷ ನಿಮ್ಮ ಮನೆಯಲ್ಲೇ ಇರುತ್ತವೆ. ಅದಕ್ಕೇ, ಮೊಟ್ಟೆಗಳನ್ನು ಇನ್‌ಕ್ಯುಬೇಟರಿಗೆ ಇಡುವ ಮುಂಚೆ ಎಷ್ಟು ಗೂಡುಗಳಿಗೆ ಜಾಗವಿದೆ ಎಂದು ನಾನು ಕೇಳುತ್ತೇನೆ.