ಪದ ಪರಿಚಯ: ಸಂರಕ್ಷಣೆ

ಗ್ರಂಥಾಲಯದ ಮಾತಿನಲ್ಲಿ ‘ಸಂರಕ್ಷಣೆ’ ಅಂದ ಕೂಡಲೇ ಬಹಳ ಜನರ ಕಣ್ಣಿಗೆ ಬರುವುದು ಬೀಗ ಹಾಕಿದ ಗಾಜಿನ ಬೀರು. ಇನ್ನು ಕೆಲವರಿಗೆ, ಬೆನ್ನು ಕಿತ್ತ ಪುಸ್ತಕವನ್ನು ಬೈಂಡಿಂಗಿಗೆ ಕಳಿಸುವುದು. ಎರಡೂ ಪೂರ್ತಿ ತಪ್ಪಲ್ಲ, ಆದರೆ ಎರಡೂ ಆ ಪದದ ಅಂಚಿನಲ್ಲಿರುವ ಅರ್ಥಗಳು. ಒಳಗಿನ ಅರ್ಥ ತಿಳಿಯಬೇಕಾದರೆ ನಮ್ಮ ತುಮಕೂರು ಸೀಮೆಯ ಹಗೇವನ್ನು ನೆನೆಸಿಕೊಳ್ಳಬೇಕು.

ಹಗೇವು ಅಂದರೆ ರಾಗಿ ತುಂಬಿಡುವ ನೆಲದೊಳಗಿನ ಗುಂಡಿ. ನೀರು ಜಿನುಗದ ಗಟ್ಟಿ ನೆಲ ನೋಡಿ ತೋಡುತ್ತಿದ್ದರು. ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗೆ ಹುಲ್ಲು ಹಾಸಿ, ರಾಗಿ ಸುರಿದು, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ರಾಗಿ ಕೆಡುತ್ತಿರಲಿಲ್ಲ. ತೆಗೆಯುವಾಗಲೂ ಆತುರ ಪಡುತ್ತಿರಲಿಲ್ಲ. ಬಾಯಿ ತೆರೆದು ಕೆಟ್ಟ ಗಾಳಿ ಹೋಗಲು ಬಿಟ್ಟು, ದೀಪ ಇಳಿಬಿಟ್ಟು ನೋಡಿ, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಇದರಲ್ಲಿ ರಾಗಿ ಕಾಳಿಗೆ ಯಾರೂ ಏನೂ ಮಾಡಲಿಲ್ಲ. ಮಾಡಿದ್ದೆಲ್ಲ ಕಾಳಿನ ಸುತ್ತ: ನೆಲ, ತೇವ, ಗಾಳಿ, ಮುಚ್ಚಳ, ಇಳಿಯುವವನ ಎಚ್ಚರ. ಗ್ರಂಥಾಲಯದ ಸಂರಕ್ಷಣೆ ಅಂದರೂ ಇದೇ. ಪುಸ್ತಕ ಕೆಟ್ಟ ಮೇಲೆ ಅದನ್ನು ಹಿಡಿದು ಕೂರುವುದಲ್ಲ, ಕೆಡದ ಹಾಗೆ ಅದರ ಸುತ್ತಮುತ್ತಲನ್ನು ದಿನದಿನವೂ ನೋಡಿಕೊಳ್ಳುವುದು.

ಪದವನ್ನು ಬಿಡಿಸಿದರೆ ‘ರಕ್ಷಣೆ’ಯ ಹಿಂದೆ ‘ಸಂ’ ಇದೆ. ಚೆನ್ನಾಗಿ, ಒಟ್ಟಾಗಿ ಎಂಬ ಭಾವ ಅದರದು. ಕನ್ನಡದ್ದೇ ಮಾತು ಬೇಕೆಂದರೆ ‘ಕಾಪಿಡು’. ಕಾಯ್ ಎಂಬುದರಿಂದ ಕಾಪು, ಕಾಪಿನಿಂದ ಕಾಪಾಡು, ಕಾಪಿಡು. ಹೊಲ ಕಾಯುವವನು ಹಕ್ಕಿ ತೆನೆ ತಿಂದ ಮೇಲೆ ಬರುವವನಲ್ಲ, ಹಕ್ಕಿ ಬರುವ ಮೊದಲೇ ಅಟ್ಟಣೆ ಹತ್ತಿ ಕೂತವನು. ನನ್ನನ್ನು ಕೇಳಿದರೆ ಸಂರಕ್ಷಣೆಗಿಂತ ಕಾಪಿಡುವುದು ಎಂಬ ಮಾತೇ ಈ ಕೆಲಸಕ್ಕೆ ಹೆಚ್ಚು ಒಪ್ಪುತ್ತದೆ. ಆದರೆ ಗ್ರಂಥಾಲಯ ವಿಜ್ಞಾನ ಓದುವವರು ಬರೆಯುವುದೂ ಆಡುವುದೂ ಸಂರಕ್ಷಣೆ ಎಂದೇ. ಇರಲಿ.

ಇದರ ಪಕ್ಕದಲ್ಲೇ ಓಡಾಡುವ ಇನ್ನೆರಡು ಮಾತುಗಳನ್ನು ಇದರೊಂದಿಗೆ ಬೆರೆಸಬಾರದು. ಹರಿದ ಹಾಳೆಗೆ, ಹುಳು ತಿಂದ ಓಲೆಗರಿಗೆ ನೇರವಾಗಿ ಕೈಹಚ್ಚಿ ಮಾಡುವುದು ಉಪಚಾರ, ಅಥವಾ ದುರಸ್ತಿ. ಕಳೆದುಹೋದ ರೂಪವನ್ನೇ ಮತ್ತೆ ತರಲು ಹೊರಡುವುದು ಜೀರ್ಣೋದ್ಧಾರ. ದೇವಸ್ಥಾನಗಳ ಕಾರಣಕ್ಕೆ ಈ ಪದ ನಮಗೆ ಚೆನ್ನಾಗಿ ಗೊತ್ತು, ಆ ಹೆಸರಿನಲ್ಲಿ ಹಳೆಯ ಕಲ್ಲಿಗೆ ಎಣ್ಣೆಬಣ್ಣ ಬಳಿದದ್ದೂ ಗೊತ್ತು. ಈ ಎರಡರ ಅಗತ್ಯವೇ ಬೀಳದಂತೆ ನೋಡಿಕೊಳ್ಳುವುದು ಸಂರಕ್ಷಣೆಯ ಮೊದಲ ಕೆಲಸ.

ಊರಿನ ಸಾರ್ವಜನಿಕ ಗ್ರಂಥಾಲಯಕ್ಕೂ ಇದು ಬೇಕು. ಆದರೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಇದರ ತೂಕ ಬೇರೆ. ಕಾದಂಬರಿಯೊಂದು ಹಾಳಾದರೆ ಇನ್ನೊಂದು ಪ್ರತಿ ಕೊಳ್ಳಬಹುದು. ಪಿಎಚ್.ಡಿ. ಪ್ರಬಂಧವನ್ನು ಯಾವ ಅಂಗಡಿಯಲ್ಲಿ ಕೊಳ್ಳುವುದು? ಶಿರಾ ಕಡೆಯ ಕಾಡುಗೊಲ್ಲರ ಹಟ್ಟಿಗೆ ಹೋಗಿ, ಜುಂಜಪ್ಪನ ಕಥೆ ಹಾಡುವ ಹಿರಿಯರೊಬ್ಬರ ಮುಂದೆ ಕೂತು ವಿದ್ಯಾರ್ಥಿಯೊಬ್ಬ ಆ ಹಾಡಿನ ಪಾಠವನ್ನು ಬರೆದುಕೊಂಡ ಅನ್ನಿ. ಅದನ್ನು ಪ್ರಬಂಧದ ಕೊನೆಗೆ ಅನುಬಂಧವಾಗಿ ಸೇರಿಸಿದ. ಹಾಡಿದವರು ಹೋದ ಮೇಲೆ ಆ ಪಾಠಕ್ಕೆ ಉಳಿಯುವ ನೆಲೆ ಆ ಅನುಬಂಧ ಒಂದೇ. ಕಾಲೇಜುಗಳ ಹಳೆಯ ವಾರ್ಷಿಕ ಸಂಚಿಕೆಗಳು, ಜಿಲ್ಲೆಯಲ್ಲೇ ಅಚ್ಚಾಗಿ ಜಿಲ್ಲೆಯಲ್ಲೇ ಮುಗಿದುಹೋದ ಪತ್ರಿಕೆಗಳು, ಮೇಷ್ಟ್ರೊಬ್ಬರು ತೀರಿಕೊಂಡ ಮೇಲೆ ಮನೆಯವರು ಗೋಣಿಚೀಲದಲ್ಲಿ ತಂದುಕೊಡುವ ಪುಸ್ತಕಗಳು, ಇವೂ ಇದೇ ಜಾತಿಯವು. ಹತ್ತು ಪ್ರತಿ ಇರುವ ಹಳೆಯ ಪಠ್ಯಪುಸ್ತಕದಲ್ಲಿ ಎಂಟನ್ನು ತೆಗೆದುಹಾಕಿದರೆ ಯಾರಿಗೂ ನಷ್ಟವಿಲ್ಲ. ತೂಕಕ್ಕೆ ಹಾಕುವ ರಾಶಿಯೊಳಗೆ ಜಿಲ್ಲೆಯ ಪತ್ರಿಕೆಯ ಒಂದು ಕಟ್ಟು ಸೇರಿಹೋದರೆ ಮಾತ್ರ ಅದನ್ನು ತರಲು ಇನ್ನೊಂದು ಊರಿಲ್ಲ. ಯಾವುದು ನಮ್ಮಲ್ಲಿ ಮಾತ್ರ ಇದೆ ಎಂದು ಪಟ್ಟಿ ಮಾಡುವುದರಿಂದಲೇ ಸಂರಕ್ಷಣೆ ಶುರುವಾಗಬೇಕು ಎನ್ನುವುದು ಇದಕ್ಕೇ.

ಒಂದು ಪುಸ್ತಕವನ್ನೇ ಹತ್ತಿರದಿಂದ ನೋಡೋಣ. ಬಿ.ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಪುಟಮಾಲೆ ‘ಎಪಿಗ್ರಾಫಿಯ ಕರ್ನಾಟಿಕ’ದ 12ನೆಯ ಸಂಪುಟ ತುಮಕೂರು ಜಿಲ್ಲೆಯ ಶಾಸನಗಳದು. ಬಂದದ್ದು 1904ರಲ್ಲಿ. ಕೋಲಾರದ್ದು 10ನೆಯ ಸಂಪುಟ, 2007ರವರೆಗೆ ಕೋಲಾರ ಜಿಲ್ಲೆಯೊಳಗೇ ಇದ್ದ ಚಿಕ್ಕಬಳ್ಳಾಪುರದ ಶಾಸನಗಳೂ ಅದರಲ್ಲೇ. ಶಾಸನದ ಕಲ್ಲು ಚಪ್ಪಡಿಯಾಗಿ, ಮೆಟ್ಟಿಲಾಗಿ, ಬಟ್ಟೆ ಒಗೆಯುವ ಕಲ್ಲಾಗಿ ಹೋದದ್ದು ನಮ್ಮಲ್ಲಿ ಅಪರೂಪದ ಸುದ್ದಿಯಲ್ಲ. ಕಲ್ಲು ಹೋದ ಕಡೆ ಓದು ಉಳಿದಿರುವುದು ಈ ಹಾಳೆಗಳಲ್ಲಿ. ಸಾವಿರ ವರ್ಷ ಬಾಳಲಿ ಎಂದು ಕೆತ್ತಿದ ಕಲ್ಲಿಗೆ ಕಾಗದ ಕಾವಲು ನಿಂತಿದೆ.

ಆ ಕಾಲದ ಕಾಗದದ್ದೇ ಒಂದು ತೊಂದರೆ. 19ನೆಯ ಶತಮಾನದ ನಡುವಿನವರೆಗೆ ಕಾಗದವನ್ನು ಹೆಚ್ಚಾಗಿ ಹಳೆಯ ಬಟ್ಟೆಯ ನಾರಿನಿಂದ ಮಾಡುತ್ತಿದ್ದರು. ಆಮೇಲೆ ಮರದ ತಿರುಳು ಬಂತು. ಮಸಿ ಹರಡದಿರಲಿ ಎಂದು ಅದಕ್ಕೆ ರಾಳವನ್ನೂ ಪಟಿಕವನ್ನೂ ಸೇರಿಸಿದರು. ಪಟಿಕ ತೇವದೊಂದಿಗೆ ಕೂಡಿ ಕಾಗದದೊಳಗೇ ಆಮ್ಲ ಹುಟ್ಟುತ್ತದೆ. ಕಾಗದಕ್ಕೆ ಗಟ್ಟಿತನ ಕೊಡುವುದು ಸೆಲ್ಯುಲೋಸಿನ ಉದ್ದನೆಯ ಎಳೆಗಳು. ಆಮ್ಲ ಅವನ್ನು ಕತ್ತರಿಸುತ್ತಾ ಹೋಗುತ್ತದೆ. ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಕೂಡ ಉಳಿದಿರುತ್ತದೆ, ಅದಕ್ಕೆ ಬೆಳಕು ತಾಗಿದಂತೆಲ್ಲ ಹಾಳೆ ಹಳದಿಯಾಗಿ ಆಮೇಲೆ ಕಂದು. ಎಂ.ಎ. ಓದುವಾಗ ಒಂದು ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಯ ಕಟ್ಟೊಂದನ್ನು ಬಿಚ್ಚಿದ್ದೆ. ಹಾಳೆಯ ಮೂಲೆ ಹಿಡಿದು ತಿರುವಿದರೆ ಮೂಲೆ ನನ್ನ ಬೆರಳಲ್ಲೇ ಉಳಿಯಿತು, ಒಣಗಿದ ಸಂಡಿಗೆ ಮುರಿದ ಹಾಗೆ. ಮೇಜಿನ ಮೇಲೆ ಕಂದು ಪುಡಿ. ಆ ಪುಡಿಯಲ್ಲೂ ಅಕ್ಷರಗಳಿದ್ದವು. ಹುಳು ಮುಟ್ಟಿರಲಿಲ್ಲ, ನೀರು ಬಿದ್ದಿರಲಿಲ್ಲ, ಯಾರೂ ಹರಿದಿರಲಿಲ್ಲ. ಕಾಗದ ತಾನೇ ತನ್ನನ್ನು ಸುಟ್ಟುಕೊಂಡಿತ್ತು. ತಗಡಿನ ಮಾಡಿನ ಕೆಳಗೆ, ಏಪ್ರಿಲ್ ಬಿಸಿಲಿನಲ್ಲಿ ಈ ಕೆಲಸ ಇನ್ನೂ ಬೇಗ ನಡೆಯುತ್ತದೆ. ಬಿಸಿ 10 ಡಿಗ್ರಿ ಏರಿದರೆ ಹಾಳಾಗುವ ವೇಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಎಂಬುದು ಈ ಕ್ಷೇತ್ರದವರು ಇಟ್ಟುಕೊಂಡಿರುವ ಅಂದಾಜು.

ಇಂಥ ಹಾಳೆಯ ಆಮ್ಲವನ್ನು ಕ್ಷಾರದಿಂದ ತಣಿಸುವ ಉಪಚಾರ ಇದೆ. ಆದರೆ ಪುಡಿಯಾದದ್ದು ಮತ್ತೆ ಹಾಳೆಯಾಗುವುದಿಲ್ಲ. ಆಮ್ಲವಿಲ್ಲದ ರಟ್ಟಿನ ಪೆಟ್ಟಿಗೆ, ತಂಪಾದ ಕೋಣೆ, ಕಡಿಮೆ ಬೆಳಕು ಇವೇ ಅದರ ಆಯುಸ್ಸನ್ನು ಎಳೆಯುವಂಥವು.

ನಮ್ಮ ಬಯಲು ಸೀಮೆಗೆ ಕರಾವಳಿಯ ಬೂಷ್ಟಿನ ಕಾಟ ಅಷ್ಟಿಲ್ಲ, ನಿಜ. ನಮ್ಮ ಶತ್ರು ಧೂಳು. ಧೂಳು ತೇವವನ್ನು ಹಿಡಿಯುತ್ತದೆ, ಬೂಷ್ಟಿನ ಬೀಜಗಳನ್ನು ಹೊತ್ತು ತರುತ್ತದೆ, ಹಾಳೆಗಳ ನಡುವೆ ಸೇರಿ ಉಜ್ಜುತ್ತದೆ. ಬೇಸಿಗೆಯೆಲ್ಲ ಕಪಾಟಿನ ಮೇಲೆ ಕೂತ ಈ ಧೂಳಿಗೆ ಸೆಪ್ಟೆಂಬರ್, ಅಕ್ಟೋಬರಿನ ಮಳೆಯ ತೇವ ಸೇರಿದಾಗ ನಿಜವಾದ ಅಪಾಯ. ಗಾಳಿಯ ತೇವಾಂಶ 45ರಿಂದ 55 ಪ್ರತಿಶತದ ನಡುವೆ ಇದ್ದರೆ ಪುಸ್ತಕಕ್ಕೆ ಹಿತ, 65 ದಾಟಿ ನಿಂತರೆ ಬೂಷ್ಟು ಏಳುವ ಭಯ. ತೇವಾಂಶ ತೋರಿಸುವ ಮಾಪಕಕ್ಕೆ ದೊಡ್ಡ ಬೆಲೆಯೇನಿಲ್ಲ, ಅದನ್ನು ಗೋಡೆಗೆ ಹಾಕಿ ದಿನಕ್ಕೆರಡು ಸಲ ಬರೆದಿಟ್ಟರೆ ವರ್ಷ ತುಂಬುವಷ್ಟರಲ್ಲಿ ಕೋಣೆಯ ಸ್ವಭಾವ ಗೊತ್ತಾಗುತ್ತದೆ. ಹಗಲು ಎ.ಸಿ. ಹಾಕಿ ಸಂಜೆ ಬೀಗ ಹಾಕುವಾಗ ಆರಿಸುವುದು ಎಷ್ಟೋ ಸಲ ಎ.ಸಿ. ಇಲ್ಲದಿರುವುದಕ್ಕಿಂತ ಕೆಟ್ಟದ್ದು. ದಿನವೂ ಹಿಗ್ಗಿ ಕುಗ್ಗಿ ಕಾಗದವೂ ಬೈಂಡಿಂಗೂ ದಣಿಯುತ್ತವೆ.

ಗೆದ್ದಲಿನ ಬಗ್ಗೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಗೋಡೆಯ ಮೇಲೆ ಮಣ್ಣಿನ ಸಣ್ಣ ಗೆರೆ ಕಂಡರೆ ಅದರ ಬುಡ ಹುಡುಕಬೇಕು, ಕಪಾಟುಗಳನ್ನು ಗೋಡೆಗೆ ಒರಗಿಸದೆ ಒಂದು ಗೇಣು ಈಚೆ ಇಡಬೇಕು. ಬೆಳ್ಳಿ ಹುಳ ಬರುವುದು ಅಂಟಿನ ಆಸೆಗೆ. ಅದಕ್ಕೇ ಹಳೆಯ ಬೈಂಡಿಂಗ್ ಕೆಲಸಗಾರರು ಮೈದಾ ಅಂಟಿಗೆ ಮೈಲುತುತ್ತ ಹಾಕುತ್ತಿದ್ದರು. ನುಸಿ ಗುಳಿಗೆಯನ್ನು ಮಾತ್ರ ನಂಬಬೇಡಿ. ಅದರ ವಾಸನೆಗೆ ಹುಳು ಪಕ್ಕದ ಕಪಾಟಿಗೆ ಹೋಗುತ್ತದೆ, ಇಟ್ಟ ಮೊಟ್ಟೆ ಅಲ್ಲೇ ಇರುತ್ತದೆ, ಅಲ್ಲೇ ಇಡೀ ದಿನ ಕೂರುವ ಸಿಬ್ಬಂದಿಯ ಎದೆಗೆ ಆ ಹೊಗೆ ಹೋಗುತ್ತದೆ. ಬೇವಿನ ಸೊಪ್ಪನ್ನು ಪುಟಗಳ ನಡುವೆ ಇಡುವುದೂ ಬೇಡ, ಎಲೆಯ ಕಲೆ ಕಾಗದಕ್ಕೆ ಹತ್ತುತ್ತದೆ.

ಒಂದೊಂದು ವಸ್ತುವಿಗೂ ಅದರದೇ ಶತ್ರು ಇದೆ ಎಂಬುದನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. ಓಲೆಗರಿಗೆ ಎಣ್ಣೆ ಬೇಕು. ಕಂಟವೆಂಬ ಮೊನಚು ಲೇಖನಿಯಿಂದ ಕೊರೆದು, ಮಸಿ ತೀಡಿ, ಗರಿ ಒಣಗಿ ಸಿಡಿಯದಿರಲೆಂದು ಎಣ್ಣೆ ಸವರುತ್ತಿದ್ದರು, ಇಂದೂ ನಿಂಬೆಹುಲ್ಲಿನ ಎಣ್ಣೆ ಬಳಸುತ್ತಾರೆ. ಅದೇ ಎಣ್ಣೆ ಕಾಗದಕ್ಕೆ ಬಿದ್ದರೆ ಮುಗಿಯಿತು. ಇನ್ನು ಕಡತ. ಇಂದು ಕಚೇರಿಯ ಫೈಲಿಗೆ ಅನ್ನುವ ಈ ಮಾತು ಮೊದಲು ಒಂದು ಬಗೆಯ ಪುಸ್ತಕದ ಹೆಸರು. ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಕಪ್ಪು ಮೈಮೇಲೆ ಬಳಪದಿಂದ ಬರೆಯುತ್ತಿದ್ದರು. ಶ್ಯಾನುಭೋಗರ ಲೆಕ್ಕ ಇರುತ್ತಿದ್ದದ್ದು ಇಂಥವುಗಳಲ್ಲೇ. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ಸಂಗ್ರಹವೇ ಇದೆ. ಕಡತಕ್ಕೆ ಒದ್ದೆ ಕೈಯೇ ಯಮ: ಒಮ್ಮೆ ಒರೆಸಿದರೆ ಬರೆದದ್ದು ಹೋಯಿತು. ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರರು ಬರೆಯುತ್ತಿದ್ದ ಒಂದು ಹಳೆಯ ಶ್ಲೋಕದಲ್ಲಿ ಪುಸ್ತಕವೇ ಮಾತಾಡುತ್ತದೆ. ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು, ಮೂರ್ಖನ ಕೈಗೆ ಕೊಡಬೇಡ. ಇನ್ನೊಂದು ಶ್ಲೋಕದಲ್ಲಿ ಲಿಪಿಕಾರ ತನ್ನ ಬೆನ್ನು, ಸೊಂಟ, ಕತ್ತು ಮುರಿದದ್ದನ್ನು ಹೇಳಿ, ಕಷ್ಟಪಟ್ಟು ಬರೆದ ಈ ಗ್ರಂಥವನ್ನು ‘ಯತ್ನೇನ ಪರಿಪಾಲಯೇತ್’, ಜತನದಿಂದ ಕಾಪಾಡಬೇಕು, ಎಂದು ಬೇಡಿಕೊಳ್ಳುತ್ತಾನೆ. ಸಂರಕ್ಷಣೆಗೆ ಇದಕ್ಕಿಂತ ನೇರವಾದ ವ್ಯಾಖ್ಯೆಯನ್ನು ನಾನು ಓದಿಲ್ಲ.

ಕೈಹಚ್ಚಲೇಬೇಕಾದಾಗ ನಿಯಮ ಒಂದೇ: ಮಾಡಿದ್ದನ್ನು ನಾಳೆ ಯಾರಾದರೂ ಬಿಚ್ಚುವಂತಿರಬೇಕು. ಗೋಧಿಯ ಪಿಷ್ಟದ ಅಂಟು, ತೆಳ್ಳನೆಯ ಜಪಾನೀ ಕಾಗದ ಇವನ್ನು ಜಗತ್ತಿನಾದ್ಯಂತ ಬಳಸುವುದು ಅದಕ್ಕೇ, ನೀರು ಸೋಕಿಸಿದರೆ ಬಿಟ್ಟುಕೊಳ್ಳುತ್ತವೆ. ಸೆಲ್ಲೋಟೇಪ್ ಹಾಗಲ್ಲ. ವಿದ್ಯಾರ್ಥಿಯಾಗಿದ್ದಾಗ ಹರಿದ ಪುಟವೊಂದಕ್ಕೆ ಒಳ್ಳೆಯದೇ ಮಾಡುತ್ತಿದ್ದೇನೆಂದು ನಾನು ಟೇಪ್ ಹಚ್ಚಿದ್ದೆ. ಬಹಳ ವರ್ಷ ಕಳೆದು ಅದೇ ಪುಸ್ತಕ ಮತ್ತೆ ಕೈಗೆ ಬಂತು. ಟೇಪು ಒಣಗಿ ಉದುರಿತ್ತು, ಅದರ ಅಂಟು ಮಾತ್ರ ಕಾಗದದೊಳಗೆ ಇಳಿದು ಕಾಫಿಬಣ್ಣದ ಪಟ್ಟಿಯಾಗಿ ಮೂರು ಸಾಲುಗಳನ್ನು ಮುಚ್ಚಿತ್ತು. ಹರಿದ ಪುಟವನ್ನು ಹಾಗೇ ಬಿಟ್ಟಿದ್ದರೆ ಆ ಮೂರು ಸಾಲು ಇಂದಿಗೂ ಓದಲು ಸಿಗುತ್ತಿದ್ದವು.

ಇಷ್ಟೆಲ್ಲ ಹೇಳಿದರೆ, ಹಾಗಾದರೆ ಓದುವವರ ಕೈಗೆ ಕೊಡುವುದೇ ಬೇಡವೇ ಅನ್ನಬಹುದು. ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪ್ರಕಟಿಸಿದರು, ಮೊದಲನೆಯದೇ ಪುಸ್ತಕಗಳಿರುವುದು ಬಳಕೆಗೆ ಎಂದು. ಬೀಗದ ಬೀರು ಈ ಸೂತ್ರಕ್ಕೆ ವಿರುದ್ಧ, ಸಂರಕ್ಷಣೆ ವಿರುದ್ಧವಲ್ಲ. ಅದು ಈ ವರ್ಷದ ಓದುಗನ ಜೊತೆಗೆ ಐವತ್ತು ವರ್ಷದ ಆಚೆಯ ಓದುಗನನ್ನೂ ಲೆಕ್ಕಕ್ಕೆ ಹಿಡಿಯುತ್ತದೆ, ಅಷ್ಟೇ. ಪುಸ್ತಕವನ್ನು ತಲೆಯ ಅಂಚು ಹಿಡಿದು ಎಳೆಯದೆ ಅಕ್ಕಪಕ್ಕದ ಎರಡನ್ನು ಒಳಕ್ಕೆ ತಳ್ಳಿ ನಡು ಹಿಡಿದು ತೆಗೆಯುವುದು, ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವದಿರುವುದು, ಬೆನ್ನು ಮುರಿಯುವಂತೆ ಜೆರಾಕ್ಸ್ ಗಾಜಿಗೆ ಒತ್ತದಿರುವುದು, ಇವು ಓದುಗನ ಪಾಲಿನ ಸಂರಕ್ಷಣೆ.

ಸ್ಕ್ಯಾನ್ ಮಾಡಿಬಿಟ್ಟರೆ ಎಲ್ಲ ಮುಗಿಯಿತು ಎಂಬ ನಂಬಿಕೆ ಈಗ ಎಲ್ಲೆಡೆ ಇದೆ. ಸ್ಕ್ಯಾನ್ ಪ್ರತಿ ಮೂಲಕ್ಕೆ ಬಿಡುವು ಕೊಡುತ್ತದೆ, ಕೈಯಿಂದ ಕೈಗೆ ಸವೆಯುವುದು ತಪ್ಪುತ್ತದೆ, ಅದು ದೊಡ್ಡ ಉಪಕಾರವೇ. ಪಿಎಚ್.ಡಿ. ಪ್ರಬಂಧಗಳನ್ನು ಅಂತರ್ಜಾಲದಲ್ಲಿ ಇಡುವ ‘ಶೋಧಗಂಗಾ’ ಭಂಡಾರ ಇದೆ. ಆದರೆ ಡಿಜಿಟಲ್ ಪ್ರತಿಗೂ ಕಾವಲು ಬೇಕು, ಕಾಗದಕ್ಕಿಂತ ಹೆಚ್ಚೇ ಬೇಕು. ತುಮಕೂರು ವಿಶ್ವವಿದ್ಯಾಲಯ ಬೆಂಗಳೂರು ವಿಶ್ವವಿದ್ಯಾಲಯದಿಂದ ಬೇರೆಯಾಗಿ ಹುಟ್ಟಿದ್ದು 2004ರಲ್ಲಿ. ವಯಸ್ಸು ಚಿಕ್ಕದು, ಸಂರಕ್ಷಣೆಯ ಮಾತು ಈಗಲೇ ಯಾಕೆ ಅನ್ನಿಸಬಹುದು. ಆದರೆ ಆ ವರ್ಷಗಳಲ್ಲಿ ಕನ್ನಡ ಪ್ರಬಂಧಗಳನ್ನು ಟೈಪ್ ಮಾಡುತ್ತಿದ್ದದ್ದು ಯಾವ ಕಂಪ್ಯೂಟರಿನಲ್ಲೂ ಓದಬಹುದಾದ ಯೂನಿಕೋಡಿನಲ್ಲಿ ಅಲ್ಲ, ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ಕನ್ನಡದ ಜಾಗದಲ್ಲಿ ತಲೆಯ ಮೇಲೆ ಗೆರೆ, ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಪ್ರಬಂಧದ ಹಿಂಬದಿಯ ಲಕೋಟೆಯಲ್ಲಿ ಒಂದು ಸಿ.ಡಿ. ಇಡುತ್ತಿದ್ದ ಕಾಲ ಅದು. ಆ ತಟ್ಟೆಯ ಮೇಲಿನ ಪದರ ವರ್ಷ ಕಳೆದಂತೆ ಕೆಡುತ್ತದೆ, ಹೊಸ ಲ್ಯಾಪ್‌ಟಾಪುಗಳಲ್ಲಿ ಅದನ್ನು ಹಾಕುವ ಬಾಯಿಯೇ ಇಲ್ಲ.

ನಿಮ್ಮ ವಿಭಾಗದ ಮೂಲೆಯಲ್ಲಿ ಸಿ.ಡಿ. ಓದುವ, ನುಡಿ ಇರುವ ಹಳೆಯ ಕಂಪ್ಯೂಟರೊಂದು ಧೂಳು ಹಿಡಿದು ಕೂತಿದ್ದರೆ ದಯವಿಟ್ಟು ಅದನ್ನು ರದ್ದಿಗೆ ಹಾಕಿಸಬೇಡಿ. ಲಕೋಟೆಗಳಲ್ಲಿರುವ ಸಿ.ಡಿ.ಗಳನ್ನು ಒಂದೊಂದಾಗಿ ಅದಕ್ಕೆ ಹಾಕಿ, ಪಠ್ಯವನ್ನು ಯೂನಿಕೋಡಿಗೆ ತಿರುಗಿಸಿ, ಎರಡು ಬೇರೆ ಬೇರೆ ಕಟ್ಟಡಗಳಲ್ಲಿ ಪ್ರತಿ ಇಟ್ಟ ಮೇಲೆ ಅದನ್ನು ಕಳಿಸಿದರಾಯಿತು.