ತಾಮ್ರದ ಮೇಲಿನ ಎನಾಮೆಲ್ ತಣಿಯುವಾಗ ಯಾಕೆ ಬಿರಿಯುತ್ತದೆ?

ಪ್ರಶ್ನೆ: ತಾಮ್ರದ ತೆಳು ಬಿಲ್ಲೆಗೆ ಗಾಜಿನ ಪುಡಿ ಉದುರಿಸಿ ಕುಲುಮೆಯಲ್ಲಿ ಕರಗಿಸುತ್ತೇನೆ. ಹೊರಗೆ ತೆಗೆದಾಗ ನುಣ್ಣಗೆ ಹೊಳೆಯುತ್ತದೆ. ಐದು ನಿಮಿಷದಲ್ಲಿ ಟಿಕ್ ಟಿಕ್ ಸದ್ದು ಶುರುವಾಗಿ ಬಿರುಕು ಬಿಡುತ್ತದೆ, ಅಂಚಿನಲ್ಲಿ ಚಕ್ಕೆ ಏಳುತ್ತದೆ. ಪುಡಿಯೇ ಕಳಪೆಯೇ?

ಉತ್ತರ: ಪುಡಿಯನ್ನು ಬೈಯುವ ಮೊದಲು ಬಿಲ್ಲೆಯನ್ನು ಮಗುಚಿ ನೋಡಿ. ಹಿಂಬದಿ ಬರೀ ತಾಮ್ರವಾಗಿದ್ದರೆ ಕಾರಣ ಬಹುಮಟ್ಟಿಗೆ ಅದೇ.

ಗಾಜು ಸುಮಾರು 500 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬಿಗಿಯಾಗುತ್ತದೆ. ಅಲ್ಲಿಂದ ಕೆಳಗೆ ತಾಮ್ರವೂ ಗಾಜೂ ಅಂಟಿಕೊಂಡೇ ಕುಗ್ಗಬೇಕು. 5 ಸೆಂಟಿಮೀಟರ್ ಅಗಲದ ತಾಮ್ರದ ಬಿಲ್ಲೆ ಅಷ್ಟು ತಣಿಯುವಾಗ ಸುಮಾರು 0.4 ಮಿಲಿಮೀಟರ್ ಕುಗ್ಗುತ್ತದೆ. ಎನಾಮೆಲ್, ಅಂದರೆ ಲೋಹಕ್ಕೆ ಕರಗಿ ಅಂಟಿದ ಈ ಗಾಜು, ಕುಗ್ಗುವುದು ಅದಕ್ಕಿಂತ ಕಡಿಮೆ. ಈ ವ್ಯತ್ಯಾಸವನ್ನು ಬೇಕೆಂದೇ ಇಟ್ಟಿರುತ್ತಾರೆ. ಗಾಜು ಒತ್ತಡವನ್ನು ತಡೆದುಕೊಳ್ಳುತ್ತದೆ, ಎಳೆತವನ್ನು ತಡೆಯುವುದಿಲ್ಲ. ಲೋಹ ಅದನ್ನು ಎಲ್ಲ ಕಡೆಯಿಂದ ಒತ್ತಿ ಹಿಡಿದಿದ್ದರೆ ಒಳ್ಳೆಯದೇ. ಆದರೆ ಗಾಜು ಒಂದೇ ಬದಿಗಿದ್ದರೆ ಆ ಒತ್ತಡಕ್ಕೆ ಎದುರು ಬಲವಿಲ್ಲ. ಬಿಲ್ಲೆ ಬಾಗುತ್ತದೆ, ಗಾಜು ಉಬ್ಬಿದ ಮೇಲ್ಮೈಯಲ್ಲಿ ಉಳಿದು ಎಳೆತಕ್ಕೆ ಸಿಕ್ಕಿ ಬಿರಿಯುತ್ತದೆ. ಹಿಂಬದಿಗೂ ಅಷ್ಟೇ ದಪ್ಪ ಎನಾಮೆಲ್ ಕೊಟ್ಟರೆ ಎರಡೂ ಕಡೆಯ ಸೆಳೆತ ಸಮನಾಗುತ್ತದೆ.

ಕೆಲಸದ ಕ್ರಮ ಹೀಗೆ. 18 ಅಥವಾ 20 ಗೇಜ್ ತಾಮ್ರ, ಅಂದರೆ 1 ಅಥವಾ 0.8 ಮಿಲಿಮೀಟರ್ ಹಾಳೆ ತೆಗೆದುಕೊಳ್ಳಿ. ಚಪ್ಪಟೆಯಾಗಿ ಬಿಡದೆ ತುಸು ಗುಮ್ಮಟವಾಗಿ ತಟ್ಟಿದರೆ ಬಾಗುವುದು ಕಡಿಮೆ. ಕಾಯಿಸಿ ಮೆದು ಮಾಡಿ, ಬಿಸಿ ಸಿಟ್ರಿಕ್ ಆಮ್ಲದ ನೀರಿನಲ್ಲಿ ಕಪ್ಪು ಹೋಗುವವರೆಗೆ ನೆನೆಸಿ, ಪ್ಯೂಮಿಸ್ (ಹಗುರವಾದ ಜ್ವಾಲಾಮುಖಿ ಕಲ್ಲು) ಪುಡಿಯಿಂದ ಉಜ್ಜಿ. ಮನೆಯಲ್ಲಿ ಚೊಂಬು ಬೆಳಗುವ ಹುಣಸೆ ಮತ್ತು ಉಪ್ಪು ತೆಳು ಕಿಲುಬಿಗೆ ಸಾಕಾಗುತ್ತದೆ, ಆಮೇಲೆ ಉಪ್ಪಿನ ಅಂಶ ಪೂರ್ತಿ ತೊಳೆದುಹೋಗಬೇಕು. ನೀರು ಹನಿಗಟ್ಟದೆ ಪದರವಾಗಿ ಹರಡಿದರೆ ಲೋಹ ಶುಚಿಯಾಗಿದೆ. ಹನಿ ನಿಂತ ಕಡೆ ಜಿಡ್ಡಿದೆ. ಮುಂದೆ ಅಂಚಿನಲ್ಲಿ ಮಾತ್ರ ಹಿಡಿಯಿರಿ, ಬೆರಳಿನ ಗುರುತಿನ ಮೇಲೆ ಎನಾಮೆಲ್ ನಿಲ್ಲುವುದಿಲ್ಲ.

ಮೊದಲು ಹಿಂಬದಿ. ಅಂಟಿನ ತೆಳು ದ್ರಾವಣ ಸಿಂಪಡಿಸಿ, 80 ಮೆಶ್, ಅಂದರೆ ಅಂಗುಲಕ್ಕೆ 80 ಕಣ್ಣುಗಳ, ಜರಡಿಯಿಂದ ಪುಡಿ ಉದುರಿಸಿ. ಅಂಚಿನಿಂದ ಶುರುಮಾಡಿ ನಡುವಿಗೆ ಬನ್ನಿ, ತಾಮ್ರ ಕಾಣದಷ್ಟಾದರೆ ಸಾಕು. ಪೂರ್ತಿ ಒಣಗಿಸಿ, ಹಸಿ ಉಳಿದರೆ ಆವಿ ಎದ್ದು ಪುಡಿಯನ್ನೇ ಹಾರಿಸುತ್ತದೆ. 800 ಡಿಗ್ರಿಯ ಕುಲುಮೆಯಲ್ಲಿ ಒಂದೂವರೆಯಿಂದ ಎರಡು ನಿಮಿಷ ಇಡಿ. ಪುಡಿ ಮೊದಲು ಸಕ್ಕರೆಯಂತೆ ತರಿತರಿಯಾಗಿ, ನಂತರ ಕಿತ್ತಳೆ ಸಿಪ್ಪೆಯಂತೆ ಉಬ್ಬುತಗ್ಗಾಗಿ, ಕೊನೆಗೆ ನಯವಾಗಿ ಕಾಣುತ್ತದೆ. ಹಿಂಬದಿಯನ್ನು ಸಿಪ್ಪೆಯ ಹಂತದಲ್ಲೇ ತೆಗೆಯಿರಿ, ಮುಂದಿನ ಸುಡುವಿಕೆಗಳಲ್ಲಿ ಅದು ತಾನೇ ನಯವಾಗುತ್ತದೆ. ಅಷ್ಟರಲ್ಲಿ ಮುಂಬದಿ ಕರಿಕಟ್ಟಿರುತ್ತದೆ. ಮತ್ತೆ ಆಮ್ಲಕ್ಕೆ ಹಾಕಿ ತೊಳೆದು, ಅಂಚು ಮಾತ್ರ ತಾಕುವ ಮುಕ್ಕಾಲಿಯ ಮೇಲಿಟ್ಟು ಮುಂಬದಿ ಸುಡಿ. ಮುಂಬದಿಗೆ ಮೂರು ಪದರ ಬರುವುದಿದ್ದರೆ ಹಿಂಬದಿಗೂ ಒಂದಕ್ಕೇ ನಿಲ್ಲಿಸಬೇಡಿ. ಹೊರತೆಗೆದದ್ದನ್ನು ತಣ್ಣನೆಯ ಕಬ್ಬಿಣದ ಮೇಲೆ, ಫ್ಯಾನಿನ ಗಾಳಿಗೆ ಇಡಬಾರದು.

ಹಿಂಬದಿ ಸರಿಯಿದ್ದೂ ಉದುರಿದರೆ, ಚಕ್ಕೆ ಎದ್ದ ಜಾಗವನ್ನೇ ನೋಡಿ. ಅಡಿಯಲ್ಲಿ ಕಪ್ಪು ಹೊಪ್ಪಳೆ ಇದ್ದರೆ ತಪ್ಪು ಆಕ್ಸೈಡಿನದು. ಕರಗಿದ ಗಾಜು ತಾಮ್ರದ ತೆಳುವಾದ ಕೆಂಪು ಆಕ್ಸೈಡನ್ನು ಕರಗಿಸಿಕೊಂಡೇ ಲೋಹಕ್ಕೆ ಬೆಸೆಯುತ್ತದೆ. ದಪ್ಪ ಕಪ್ಪು ಪದರವಾದರೋ ಲೋಹದಿಂದಲೇ ಬಿಡುತ್ತದೆ, ಮೇಲಿನ ಗಾಜನ್ನೂ ಹೊತ್ತುಕೊಂಡು ಹೋಗುತ್ತದೆ. ಪುಡಿ ತೀರಾ ತೆಳುವಾದ ಅಂಚುಗಳಲ್ಲಿ ಇದು ಹೆಚ್ಚು. ಬಿರುಕು ಬಲೆಯಂತೆ ಎಲ್ಲೆಡೆ ಹರಡಿದ್ದರೆ ಪದರ ದಪ್ಪವಾಗಿದೆ, ಇಲ್ಲವೇ ಹಿಗ್ಗುವಿಕೆ ಬೇರೆಬೇರೆಯಾದ ಎರಡು ಪುಡಿ ಒಂದರ ಮೇಲೊಂದು ಬಂದಿವೆ. ಸೀಸವಿರುವುದರ ಮೇಲೆ ಸೀಸವಿಲ್ಲದ್ದನ್ನು ಹಾಕುವುದು ಈ ತೊಂದರೆಗೆ ನೇರ ದಾರಿ. ಹಿತ್ತಾಳೆ ಬಳಸಿದ್ದರೆ ಬಿಟ್ಟುಬಿಡಿ. ಅದರ ಸತು ಎನಾಮೆಲ್‌ಗೆ ಹಿಡಿತವನ್ನೇ ಕೊಡುವುದಿಲ್ಲ.

ಹಾಗಾದರೆ ಚಿನ್ನದ ಒಡವೆಗೆ ಎನಾಮೆಲ್ ತುಂಬುವ ಜೈಪುರದ ಮೀನಾಕಾರಿಯಂಥ ಕೆಲಸ ಹಿಂಬದಿಗೆ ಗಾಜಿಲ್ಲದೆಯೂ ಹೇಗೆ ನಿಲ್ಲುತ್ತದೆ? ಅಲ್ಲಿ ಗಾಜು ಹಾಳೆಯ ಮೇಲೆ ಹರಡಿರುವುದಿಲ್ಲ, ಚಿನ್ನದಲ್ಲಿ ಕೊರೆದ ಪುಟ್ಟ ಗುಳಿಗಳೊಳಗೆ ಕೂತಿರುತ್ತದೆ. ಸುತ್ತಲೂ ಲೋಹದ ಗೋಡೆಯಿದೆ, ಗುಳಿಯ ತಳದಲ್ಲಿ ಉಳಿಯ ಗೀರುಗಳ ಹಿಡಿತವಿದೆ. ಚಿನ್ನ ತಾಮ್ರಕ್ಕಿಂತ ಕಡಿಮೆ ಕುಗ್ಗುತ್ತದೆ, ಕಿಲುಬುವುದೂ ಇಲ್ಲ. ತೆಳು ತಾಮ್ರದ ಹಾಳೆಗೆ ಈ ಅನುಕೂಲಗಳಲ್ಲಿ ಒಂದೂ ಇಲ್ಲ.

ಬಿರಿದ ಬಿಲ್ಲೆಯನ್ನು ಎಸೆಯಬೇಕಿಲ್ಲ. ಸಡಿಲ ಚಕ್ಕೆಗಳನ್ನು ನೀರಿನಡಿಯಲ್ಲೇ ಸಾಣೆಕಲ್ಲಿನಿಂದ ಉಜ್ಜಿ ತೆಗೆಯಿರಿ, ಒಣ ಗಾಜಿನ ಧೂಳು ಶ್ವಾಸಕೋಶಕ್ಕೆ ಹೋಗಬಾರದು. ಜರಡಿ ಹಿಡಿಯುವಾಗಲೂ ಎನ್95 ಮಾಸ್ಕ್ ಇರಲಿ. ಕಪ್ಪನ್ನು ಆಮ್ಲದಲ್ಲಿ ತೆಗೆದು, ತೊಳೆದು, ಗುಳಿಗಳಿಗೆ ಅದೇ ಪುಡಿಯನ್ನು ತುಂಬಿ, ಹಿಂಬದಿಗೂ ಪದರ ಕೊಟ್ಟು ಮತ್ತೆ ಸುಡಿ. ಗಾಜು ಕರಗಿ ಬಿರುಕು ಮುಚ್ಚಿಕೊಳ್ಳುತ್ತದೆ. ಪಾರದರ್ಶಕ ಬಣ್ಣದಲ್ಲಿ ಮಾತ್ರ ಹಳೆಯ ಬಿರುಕಿನ ಗೆರೆ ತೆಳ್ಳಗೆ ಉಳಿಯಬಹುದು.