ಯಾರ್ಡ್ 11880 ವಾಗ್‌ಶೀರ್ ಆದ ಗಳಿಗೆ

2025ರ ಜನವರಿ 15, ಸಂಕ್ರಾಂತಿಯ ಮಾರನೆಯ ದಿನ, ಮುಂಬೈಯ ನೌಕಾ ಡಾಕ್‌ಯಾರ್ಡ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಒಂದೇ ವೇದಿಕೆಯಿಂದ ಮೂರು ಯುದ್ಧನೌಕೆಗಳನ್ನು ಸೇವೆಗೆ ಸೇರಿಸಿಕೊಂಡರು. ಸೂರತ್ ಮತ್ತು ನೀಲಗಿರಿ ನೀರಿನ ಮೇಲಿನ ಹಡಗುಗಳು. ಮೂರನೆಯದು ಜಲಾಂತರ್ಗಾಮಿ ವಾಗ್‌ಶೀರ್. ಕಾರವಾರದಲ್ಲಿ ನಮ್ಮ ಮನೆಯ ಟಿವಿ ಮುಂದೆ ಎಳ್ಳುಬೆಲ್ಲ ಮೆಲ್ಲುತ್ತ ಕುಳಿತಿದ್ದ ನೆರೆಮನೆಯ ಮೇಷ್ಟರು ನನ್ನತ್ತ ತಿರುಗಿ, “ಇದು 2022ರಲ್ಲೇ ನೀರಿಗೆ ಇಳಿದಿತ್ತಲ್ಲ, ಪೇಪರಿನಲ್ಲಿ ಫೋಟೋ ಬಂದಿತ್ತು, ಮತ್ತೆ ಈಗ ಇದೇನು ಉದ್ಘಾಟನೆ?” ಎಂದು ಕೇಳಿದರು. ನೌಕಾಪಡೆಯ ಜಲಾಂತರ್ಗಾಮಿ ವಿಭಾಗದಲ್ಲಿ ಎಂಜಿನಿಯರ್ ಅಧಿಕಾರಿಯಾಗಿ ದುಡಿದು ನಿವೃತ್ತನಾದ ನನಗೆ ಆ ಪ್ರಶ್ನೆ ತುಂಬ ಹಿಡಿಸಿತು, ಏಕೆಂದರೆ ಸಮಾರಂಭದ ಅರ್ಥವೆಲ್ಲ ಅದರೊಳಗೇ ಇದೆ.

ಮೇಷ್ಟರ ನೆನಪು ಸರಿಯಾಗಿಯೇ ಇತ್ತು. ವಾಗ್‌ಶೀರ್‌ನ ಜಲಾವತರಣ ನಡೆದದ್ದು 2022ರ ಏಪ್ರಿಲ್ 20ರಂದು, ಅದನ್ನು ಕಟ್ಟಿದ ಮುಂಬೈಯ ಹಡಗುಕಟ್ಟೆ ಮಜಗಾಂವ್ ಡಾಕ್‌ನಲ್ಲಿ. ಆದರೆ ಅಂದು ನೀರಿಗಿಳಿದದ್ದು ತೇಲಬಲ್ಲ ಉಕ್ಕಿನ ಒಡಲು ಮಾತ್ರ. ಹಡಗುಕಟ್ಟೆಯ ಕಾಗದಪತ್ರಗಳಲ್ಲಿ ಅದರ ಗುರುತು “ಯಾರ್ಡ್ 11880” ಎಂಬ ಸಂಖ್ಯೆ ಮಾತ್ರ. ಸಮುದ್ರ ಪರೀಕ್ಷೆಗಳು 2023ರ ಮೇ ತಿಂಗಳಲ್ಲಿ ಆರಂಭವಾದವು. 2025ರ ಜನವರಿ 9ರಂದು ಅದು ನೌಕಾಪಡೆಗೆ ಹಸ್ತಾಂತರವಾಯಿತು. ಕಟ್ಟಿದವರು ಕೊಟ್ಟೆವೆಂದೂ ನೌಕಾಪಡೆಯವರು ಪಡೆದೆವೆಂದೂ ಸಹಿ ಹಾಕುವ ಆ ಸ್ವೀಕಾರಪತ್ರವನ್ನು ನಾವು ಡಿ-448 ಎಂದು ಕರೆಯುತ್ತೇವೆ. ಅದಕ್ಕೆ ಸಹಿ ಬಿದ್ದ ಮೇಲೆ ಬೋಟಿನ (ಜಲಾಂತರ್ಗಾಮಿಯನ್ನು ನಾವು ಕರೆಯುವುದು ಹಾಗೆ) ಒಡೆತನ ಬದಲಾಗುತ್ತದೆ, ಆದರೆ ಅದು ಇನ್ನೂ “ಐಎನ್‌ಎಸ್” ಆಗಿರುವುದಿಲ್ಲ. ಐಎನ್‌ಎಸ್ ಎನ್ನುವುದು ಬರಿಯ ಹೆಸರಿನ ಮುಂದಿನ ಅಲಂಕಾರವಲ್ಲ. ಈ ನೌಕೆ ಭಾರತ ಗಣರಾಜ್ಯದ ಯುದ್ಧನೌಕೆ, ಇದಕ್ಕೆ ನಿಯುಕ್ತನಾದ ಒಬ್ಬ ಕಮಾಂಡಿಂಗ್ ಅಧಿಕಾರಿ ಇದ್ದಾನೆ, ಇದು ಮಾಡುವುದಕ್ಕೆಲ್ಲ ದೇಶವೇ ಹೊಣೆ ಎಂದು ಲೋಕಕ್ಕೆ ಸಾರುವ ಮೂರಕ್ಷರ ಅದು. ಆ ಮೂರಕ್ಷರ ಸಲ್ಲುವುದು ಕಮಿಷನಿಂಗ್‌ನ, ಅಂದರೆ ವಿಧಿವತ್ತಾಗಿ ಸೇವೆಗೆ ಸೇರುವ ದಿನ.

ಹಾಗಾಗಿ ಸಮಾರಂಭದಲ್ಲಿ ನಾನು ಕಾಯುವುದು ಭಾಷಣಗಳಿಗಲ್ಲ. ಗೌರವ ರಕ್ಷೆಯ ಪರಿವೀಕ್ಷಣೆ, ಸ್ವಾಗತ, ಹಡಗುಕಟ್ಟೆಯ ಮುಖ್ಯಸ್ಥರ ಮಾತು ಎಲ್ಲವೂ ಬೇಕಾದವೇ. ಆದರೆ ಬಿಳಿ ಸಮವಸ್ತ್ರದ ಕಮಾಂಡಿಂಗ್ ಅಧಿಕಾರಿ ಎದ್ದು ನಿಂತು ಕಮಿಷನಿಂಗ್ ವಾರಂಟ್ ಓದುವ ಒಂದೆರಡು ನಿಮಿಷಗಳೇ ಅಂದಿನ ಜೀವಾಳ. ಈ ನೌಕೆಯನ್ನು ಸೇವೆಗೆ ಸೇರಿಸಿ ಅದರ ಅಧಿಕಾರ ವಹಿಸಿಕೊಳ್ಳತಕ್ಕದ್ದು ಎಂದು ನೌಕಾಪಡೆಯ ಮುಖ್ಯಸ್ಥರು ಹೊರಡಿಸಿದ ಆಜ್ಞೆ ಅದು. ಓದಿ ಮುಗಿದೊಡನೆ ರಾಷ್ಟ್ರಗೀತೆ ಮೊಳಗುತ್ತದೆ, ಹಿಂಬದಿಯ ಕಂಬದ ಮೇಲೆ ನೌಕಾಧ್ವಜ ಮೊದಲ ಬಾರಿಗೆ ಏರುತ್ತದೆ, ನೌಕೆಯ ಅತಿ ಎತ್ತರದ ಜಾಗದಲ್ಲಿ ಕಮಿಷನಿಂಗ್ ಪೆನೆಂಟ್ ಎಂಬ ಸಪೂರ ನೀಳ ಪತಾಕೆ ಬಿಚ್ಚಿಕೊಳ್ಳುತ್ತದೆ. ಯಾರ್ಡ್ ನಂಬರು ಕೊನೆಗೊಳ್ಳುವುದು ಅಲ್ಲಿಗೆ. ನಂತರ ಮುಖ್ಯ ಅತಿಥಿಗಳು ಫಲಕವನ್ನು ಅನಾವರಣ ಮಾಡುತ್ತಾರೆ. ಮಾರನೆಯ ದಿನದ ಪತ್ರಿಕೆಗಳಲ್ಲಿ ಆ ಚಿತ್ರವೇ ದೊಡ್ಡದಾಗಿ ಬರುತ್ತದೆ, ವಾರಂಟ್ ಓದಿದವರ ಮುಖ ಬರುವುದು ಅಪರೂಪ. ಅದು ತಪ್ಪೆಂದೇ ನನ್ನ ಅಭಿಪ್ರಾಯ.

ಪೆನೆಂಟ್ ವಿಷಯದಲ್ಲಿ ಜಲಾಂತರ್ಗಾಮಿಗೆ ಒಂದು ವಿಶೇಷವಿದೆ. ನೌಕಾಧ್ವಜವನ್ನು ಬಂದರಿನಲ್ಲಿ ಪ್ರತಿದಿನ ಬೆಳಿಗ್ಗೆ ಏರಿಸಿ ಸೂರ್ಯಾಸ್ತಕ್ಕೆ ಇಳಿಸುತ್ತಾರೆ. ಪೆನೆಂಟ್ ಮಾತ್ರ ಸೇವೆಗೆ ಸೇರಿದ ದಿನದಿಂದ ನಿವೃತ್ತಿಯ ಸಂಜೆಯವರೆಗೆ ಹಗಲಿರುಳೂ ಹಾರುತ್ತಿರಬೇಕೆಂಬುದು ಸಂಪ್ರದಾಯ. ಮುಳುಗುವ ನೌಕೆಯಲ್ಲಿ ಅದು ಹೇಗೆ ಸಾಧ್ಯ? ಬಂದರು ಬಿಟ್ಟು ಆಳಕ್ಕೆ ಹೊರಡುವಾಗ ಧ್ವಜ, ಪತಾಕೆ, ಅವುಗಳ ಕಂಬ, ಕೈಗಂಬಿ, ಹಗ್ಗಗಳನ್ನೆಲ್ಲ ಕಳಚಿ ಒಳಗಿಡುತ್ತೇವೆ. ಮೇಲೆ ಒಂದು ಸಡಿಲ ಮೊಳೆ ಉಳಿದರೂ ನೀರಿನಡಿಯಲ್ಲಿ ಅದು ಸದ್ದು ಮಾಡುತ್ತದೆ, ಆ ಸದ್ದು ಶತ್ರುವಿನ ಸೋನಾರ್‌ಗೆ ಕೇಳುತ್ತದೆ. ಜನರೆದುರು ಅಷ್ಟು ಗೌರವದಿಂದ ಬಿಚ್ಚಿದ ಪತಾಕೆ ಬೋಟಿನ ಆಯುಷ್ಯದ ಬಹುಪಾಲನ್ನು ಮಡಿಚಿಕೊಂಡು ಒಂದು ಪೆಟ್ಟಿಗೆಯೊಳಗೆ ಕಳೆಯುತ್ತದೆ.

ಜಲಾವತರಣಕ್ಕೂ ಕಮಿಷನಿಂಗ್‌ಗೂ ನಡುವೆ ಎರಡು ವರ್ಷ ಒಂಬತ್ತು ತಿಂಗಳು ಏನು ನಡೆಯಿತು ಎಂಬುದು ಮೇಷ್ಟರ ಮುಂದಿನ ಪ್ರಶ್ನೆ. ಕಲ್ವರಿ ವರ್ಗದ ಈ ಬೋಟುಗಳ ಉದ್ದ 67.5 ಮೀಟರ್. ಅಷ್ಟರೊಳಗೆ ಸುಮಾರು 60 ಕಿಲೋಮೀಟರ್ ಕೇಬಲ್, 11 ಕಿಲೋಮೀಟರ್ ಕೊಳವೆ. ಒಂದೊಂದೂ 750 ಕಿಲೋ ತೂಗುವ 360 ಬ್ಯಾಟರಿ ಸೆಲ್‌ಗಳು, ಅಂದರೆ ಬ್ಯಾಟರಿಯೇ 270 ಟನ್. ಇವುಗಳಲ್ಲಿ ಪ್ರತಿಯೊಂದನ್ನೂ ಮೊದಲು ಕಟ್ಟೆಯಲ್ಲಿ, ಆಮೇಲೆ ಸಮುದ್ರದಲ್ಲಿ ಪರೀಕ್ಷಿಸಬೇಕು. ಇಂಥ ಪರೀಕ್ಷೆಗಳಲ್ಲಿ ಹೊರಗಿನವರಿಗೆ ತಿಳಿಯದ, ನನಗೆ ಬಹಳ ಪ್ರಿಯವಾದ ಒಂದಿದೆ. ಎಲ್ಲ ಬಾಗಿಲು, ಎಲ್ಲ ವಾಲ್ವ್ ಮುಚ್ಚಿ, ಒಳಗಿನ ಗಾಳಿಯನ್ನು ಸ್ವಲ್ಪ ಎಳೆದು ಒತ್ತಡವನ್ನು ತಗ್ಗಿಸುತ್ತಾರೆ. ಕಿವಿ ಗುಂಯ್ ಎನ್ನುತ್ತದೆ. ಆಮೇಲೆ ಯಂತ್ರಗಳನ್ನೆಲ್ಲ ನಿಲ್ಲಿಸಿ, ಯಾರೂ ಮಾತಾಡದೆ, ಗೋಡೆಯ ಮೇಲಿನ ವಾಯುಭಾರಮಾಪಕದ ಮುಳ್ಳನ್ನು ನೋಡುತ್ತ ನಿಲ್ಲುತ್ತಾರೆ. ಮುಳ್ಳು ಕದಲದಿದ್ದರೆ ಒಡಲು ಭದ್ರ. ಮೆಲ್ಲಗೆ ಮೇಲೇರಿದರೆ ಎಲ್ಲೋ ಗಾಳಿ ನುಸುಳುತ್ತಿದೆ. ಗಾಳಿ ಬಂದಲ್ಲಿ ನೀರೂ ಬರುತ್ತದೆ.

ಒಮ್ಮೆ ದೀರ್ಘ ದುರಸ್ತಿ ಮುಗಿಸಿದ ನಮ್ಮ ಬೋಟಿನಲ್ಲಿ ಆ ಮುಳ್ಳು ಕದಲಿತು. ಒಂದು ಗಂಟೆ ಹುಡುಕಿದರೂ ಜಾಗ ಸಿಗಲಿಲ್ಲ. ಕೊನೆಗೆ ಹಿರಿಯ ನಾವಿಕರೊಬ್ಬರು ತಮ್ಮ ಅಂಗಿಯ ಅಂಚಿನಿಂದ ಒಂದು ದಾರ ಕಿತ್ತು, ಅದನ್ನು ಬೆರಳತುದಿಯಿಂದ ಇಳಿಬಿಟ್ಟುಕೊಂಡು ಒಂದೊಂದೇ ವಾಲ್ವ್‌ನ ಮುಂದೆ ಹಿಡಿಯುತ್ತ ಹೋದರು. ಎಂಜಿನ್ ಕೋಣೆಯ ನೆಲದಡಿಯ ಒಂದು ಸಣ್ಣ ಡ್ರೈನ್ ವಾಲ್ವ್ ಬಳಿ ದಾರ ಒಳಮುಖವಾಗಿ ಬಾಗಿತು. ಬಿಚ್ಚಿ ನೋಡಿದರೆ ವಾಲ್ವ್ ಕೂರುವ ಜಾಗದಲ್ಲಿ ಒರೆಸುವ ಬಟ್ಟೆಯ ಹತ್ತಿಯೆಳೆಯೊಂದು ಸಿಕ್ಕಿಕೊಂಡಿತ್ತು. ಹೊರಡುವುದು ಒಂದು ದಿನ ತಡವಾಯಿತು. ಯಾರೂ ಅದಕ್ಕೆ ಬೇಸರಿಸಲಿಲ್ಲ.

ಇನ್ನೊಂದು ಕೆಲಸ ಟ್ರಿಮ್, ಎಂದರೆ ಬೋಟಿನ ತೂಕವನ್ನು ಅದು ಪಕ್ಕಕ್ಕೆ ತಳ್ಳುವ ನೀರಿನ ತೂಕಕ್ಕೆ ಸರಿಯಾಗಿ ತೂಗಿಸುವುದು. ನಮ್ಮ ಕಾಳಿ ನದಿ ಸಮುದ್ರ ಸೇರುವಲ್ಲಿ ಮಳೆಗಾಲದಲ್ಲಿ ಮೇಲ್ಪದರದ ನೀರು ಸಿಹಿಯಾಗಿ ಹಗುರವಾಗುವುದನ್ನು ಇಲ್ಲಿನ ಮೀನುಗಾರರೆಲ್ಲ ಬಲ್ಲರು. ನೀರಿನ ಸಾಂದ್ರತೆ 1.025ರಿಂದ 1.020ಕ್ಕೆ ಇಳಿದರೆ, ಮುಳುಗಿದಾಗ ಸುಮಾರು 1,775 ಟನ್ ತೂಗುವ ಬೋಟು ಒಮ್ಮೆಗೇ ಎಂಟೂವರೆ ಟನ್‌ನಷ್ಟು ಭಾರವಾದಂತೆ ಕೆಳಗೆ ಜಗ್ಗುತ್ತದೆ. ಅಷ್ಟನ್ನೂ ಟ್ಯಾಂಕುಗಳಿಂದ ನೀರು ಹೊರಹಾಕಿ ಸರಿದೂಗಿಸಬೇಕು. ಹೊಸ ಬೋಟಿನ ಮೊದಲ ಮುಳುಗಿನಲ್ಲಿ ಈ ಲೆಕ್ಕ ಇನ್ನೂ ಕಾಗದದ ಮೇಲಿನದು, ಅನುಭವದ್ದಲ್ಲ.

ಈ ಲೆಕ್ಕ ಹಾಕುವವರು ಸಮಾರಂಭದ ದಿನ ಸಾಲಾಗಿ ನಿಂತಿರುವ ಸಿಬ್ಬಂದಿಯೇ. ಈ ವರ್ಗದ ಬೋಟಿಗೆ 8 ಅಧಿಕಾರಿಗಳು, 35 ನಾವಿಕರು. ವಿಶಾಖಪಟ್ಟಣದ ಜಲಾಂತರ್ಗಾಮಿ ತರಬೇತಿ ಕೇಂದ್ರವಾದ ಐಎನ್‌ಎಸ್ ಶಾತವಾಹನದಲ್ಲಿ ಕಲಿತು, ಅಡುಗೆಯವರೂ ಸೇರಿದಂತೆ ಪ್ರತಿಯೊಬ್ಬರೂ ಬೋಟಿನ ಕೊಳವೆ, ವಾಲ್ವ್, ಸ್ವಿಚ್ಚುಗಳನ್ನು ಕತ್ತಲೆಯಲ್ಲೂ ಕೈಯಿಂದಲೇ ಗುರುತಿಸಬಲ್ಲೆನೆಂದು ತೋರಿಸಿದ ಮೇಲೆಯೇ ಎದೆಯ ಮೇಲೆ ಡಾಲ್ಫಿನ್ ಲಾಂಛನ ಸಿಗುತ್ತದೆ. ಇದೇ ಮುಂಬೈ ಡಾಕ್‌ಯಾರ್ಡ್‌ನಲ್ಲಿ 2013ರ ಆಗಸ್ಟ್ 14ರ ನಡುರಾತ್ರಿ ಜಲಾಂತರ್ಗಾಮಿ ಸಿಂಧುರಕ್ಷಕ್ ಸ್ಫೋಟಗೊಂಡು 18 ಮಂದಿ ತೀರಿಕೊಂಡರು. ಅಲ್ಲಿ ಹೊಸ ಬೋಟು ಸೇವೆಗೆ ಸೇರುವಾಗ ಚಪ್ಪಾಳೆ ತಟ್ಟುವ ಹಳಬರ ಕಣ್ಣಲ್ಲಿ ನೀರೂ ಇರುತ್ತದೆ.

ಹೆಸರುಗಳ ವಿಷಯವನ್ನೂ ಹೇಳಬೇಕು. ಭಾರತದ ಮೊದಲ ಜಲಾಂತರ್ಗಾಮಿ ಕಲ್ವರಿ ಸೇವೆಗೆ ಸೇರಿದ್ದು 1967ರ ಡಿಸೆಂಬರ್ 8ರಂದು, ಅಂದಿನ ಸೋವಿಯತ್ ಒಕ್ಕೂಟದ ರೀಗಾ ಬಂದರಿನಲ್ಲಿ. ಆ ದಿನವೇ ನಮ್ಮ ಜಲಾಂತರ್ಗಾಮಿ ದಿನ. ಈಗಿನ ಆರು ಬೋಟುಗಳಾದ ಕಲ್ವರಿ, ಖಂಡೇರಿ, ಕರಂಜ್, ವೇಲಾ, ವಾಗೀರ್, ವಾಗ್‌ಶೀರ್ ಇವೆಲ್ಲ ಆ ಹಳೆಯ ಸೋವಿಯತ್ ಬೋಟುಗಳ ಹೆಸರನ್ನೇ ಹೊತ್ತಿವೆ. 2021ರ ಮಾರ್ಚ್ 10ರಂದು ಹೊಸ ಕರಂಜ್ ಸೇರ್ಪಡೆಯಾದಾಗ ಮುಖ್ಯ ಅತಿಥಿಯಾಗಿ ಬಂದವರು ನಿವೃತ್ತ ಅಡ್ಮಿರಲ್ ವಿ. ಎಸ್. ಶೇಖಾವತ್, ಹಳೆಯ ಕರಂಜ್‌ನ ಮೊದಲ ಸಿಬ್ಬಂದಿಯಲ್ಲಿ ಒಬ್ಬರಾಗಿದ್ದು, 1971ರ ಯುದ್ಧದಲ್ಲಿ ಅದೇ ಬೋಟನ್ನು ನಡೆಸಿದವರು. ಆರೂ ಸಮಾರಂಭಗಳಲ್ಲಿ ನನ್ನ ಮನಸ್ಸಿಗೆ ಅತಿ ಹತ್ತಿರವಾದದ್ದು ಅದು. ಮಾತು ಬೆಳೆಸದೆ, ಹಳೆಯ ಕಮಾಂಡರ್ ಹೊಸ ಬೋಟಿನ ಮುಂದೆ ನಿಂತದ್ದೇ ಸಾಕಾಗಿತ್ತು.

ಸಂತೋಷದ ದಿನವೇ ಹೇಳಬೇಕಾದ ಕಹಿಯೂ ಇದೆ. ಫ್ರಾನ್ಸಿನ ಸ್ಕಾರ್ಪೀನ್ ವಿನ್ಯಾಸದ ಈ ಆರು ಬೋಟುಗಳ ಒಪ್ಪಂದಕ್ಕೆ ಸಹಿ ಬಿದ್ದದ್ದು 2005ರ ಅಕ್ಟೋಬರ್‌ನಲ್ಲಿ. ಮೊದಲನೆಯದು 2012ರಲ್ಲಿ ಬರಬೇಕಿತ್ತು. ಸೇವೆಗೆ ಸೇರಿದ್ದು 2017ರ ಡಿಸೆಂಬರ್ 14ರಂದು. ಈ ಬೋಟುಗಳಿಗೆಂದು ಆರಿಸಿದ್ದ ಹೊಸ ಭಾರೀ ಟಾರ್ಪಿಡೊಗಳ, ಅಂದರೆ ನೀರಿನಡಿ ಸಾಗಿ ಗುರಿಗೆ ಬಡಿಯುವ ಅಸ್ತ್ರಗಳ, ಖರೀದಿ ರದ್ದಾಗಿ, ಬೋಟುಗಳು ಹಳೆಯ ಟಾರ್ಪಿಡೊಗಳಿಂದಲೇ ಕೆಲಸ ಆರಂಭಿಸಬೇಕಾಯಿತು. ವಾಗ್‌ಶೀರ್ ಸೇರ್ಪಡೆಗೆ ಎರಡು ವಾರ ಮೊದಲು, 2024ರ ಡಿಸೆಂಬರ್ 30ರಂದು, ರಕ್ಷಣಾ ಸಚಿವಾಲಯ ಎರಡು ಒಪ್ಪಂದಗಳನ್ನು ಮಾಡಿಕೊಂಡಿತು. ಒಂದು, ದೇಶದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಅಭಿವೃದ್ಧಿಪಡಿಸುತ್ತಿರುವ, ಬೋಟು ಮೇಲಕ್ಕೆ ಬಂದು ಗಾಳಿ ಸೇದದೆ ಹೆಚ್ಚು ಕಾಲ ಆಳದಲ್ಲೇ ಇರುವಂತೆ ಮಾಡುವ ಎಐಪಿ ವ್ಯವಸ್ಥೆಗೆ, ಸುಮಾರು 1,990 ಕೋಟಿ ರೂಪಾಯಿ. ಇನ್ನೊಂದು, ನಮ್ಮಲ್ಲೇ ತಯಾರಾಗುತ್ತಿರುವ ಭಾರೀ ಟಾರ್ಪಿಡೊವನ್ನು ಈ ಬೋಟುಗಳಿಗೆ ಅಳವಡಿಸಲು, ಸುಮಾರು 877 ಕೋಟಿ. ಇವು ಹತ್ತು ವರ್ಷ ಮೊದಲೇ ಆಗಬೇಕಿತ್ತೆಂಬುದು ನನ್ನ ನಂಬಿಕೆ. ಕಮಿಷನಿಂಗ್ ಆದೊಡನೆ ಬೋಟು ಪೂರ್ಣವಾಯಿತೆಂದು ತಿಳಿಯುವುದು ಜನರ ತಪ್ಪು ಗ್ರಹಿಕೆ. ಹಾಗೆ ತಿಳಿಯಲು ಬಿಡುವುದು ನಮ್ಮಂಥವರ ತಪ್ಪು.

“ಅಂದು ರಾತ್ರಿ ಅವರೆಲ್ಲ ಏನು ಮಾಡುತ್ತಾರೆ, ಊಟಗೀಟ ಜೋರಾಗಿರುತ್ತದೆಯೇ?” ಎಂದು ಮೇಷ್ಟರು ಏಳುವ ಮುನ್ನ ಕೇಳಿದರು. ಊಟವಿರುತ್ತದೆ, ಮನೆಯವರೂ ಬಂದಿರುತ್ತಾರೆ, ಮಕ್ಕಳಿಗೆ ಬೋಟಿನೊಳಗನ್ನು ತೋರಿಸುತ್ತಾರೆ. ಸೂರ್ಯಾಸ್ತಕ್ಕೆ ಹೊಸ ನೌಕಾಧ್ವಜವನ್ನು ಮೊದಲ ಬಾರಿ ಇಳಿಸಿ ಮಡಿಚುತ್ತಾರೆ. ಶಾಮಿಯಾನದ ಕುರ್ಚಿಗಳನ್ನು ಲಾರಿಗೆ ತುಂಬುವ ಹೊತ್ತಿಗೆ ಪಾಳಿಯ ನಾವಿಕ ಕೆಳಗಿಳಿದು, ಬ್ಯಾಟರಿ ವಿಭಾಗದ ಹೈಡ್ರೋಜನ್ ಪ್ರಮಾಣವನ್ನು ನೋಡಿ, ಅಂದೇ ತೆರೆದ ಹೊಸ ಲಾಗ್ ಪುಸ್ತಕದಲ್ಲಿ ಬರೆದಿಡುತ್ತಾನೆ. ಪಾಳಿ ಬದಲಾದಾಗ ಮುಂದಿನವನೂ ಅದನ್ನೇ ಮಾಡುತ್ತಾನೆ.